ಆತ್ಮಕಥೆಯನ್ನು ಆರಿಸಿಕೊಳ್ಳುವುದು ಹೇಗೆ, ಓದುವುದು ಹೇಗೆ

‘ಯಾವ ಆತ್ಮಕಥೆಯಿಂದ ಶುರು ಮಾಡಲಿ?’ ಎಂದು ಯಾರಾದರೂ ಕೇಳಿದಾಗ ಒಂದು ಹೆಸರು ಹೇಳಿ ಕಳುಹಿಸುವುದು ಸುಲಭ. ಆದರೆ ಹಾಗೆ ಹೆಸರು ಹಿಡಿದು ಹೋದವರು ಮೂರನೆಯ ಅಧ್ಯಾಯದಲ್ಲೇ ಪುಸ್ತಕ ಮಡಚಿಟ್ಟು, ಈ ಬಗೆಯ ಬರವಣಿಗೆಯೇ ತಮಗೆ ಒಗ್ಗದು ಎಂದು ತೀರ್ಮಾನಿಸಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಬದುಕು ದೊಡ್ಡದಾಗಿದ್ದ ಮಾತ್ರಕ್ಕೆ ಅದರ ಕಥೆ ಓದಿಸಿಕೊಂಡು ಹೋಗುವುದಿಲ್ಲ. ಹುದ್ದೆ, ಪ್ರಶಸ್ತಿ, ವಿದೇಶ ಪ್ರವಾಸ, ಸನ್ಮಾನ ಎಂದು ಒಂದರ ಹಿಂದೊಂದನ್ನು ಪೋಣಿಸಿದ ಪುಸ್ತಕದಲ್ಲಿ ವ್ಯಕ್ತಿಯ ಸಾಧನೆ ತಿಳಿಯುತ್ತದೆಯೇ ಹೊರತು ವ್ಯಕ್ತಿ ಸಿಗುವುದಿಲ್ಲ. ನನ್ನ ಮಟ್ಟಿಗೆ ಓದಲು ಯೋಗ್ಯವಾದ ಆತ್ಮಕಥೆಗೆ ಇರುವ ಮುಖ್ಯ ಗುರುತು ಒಂದೇ: ಬರೆದವರು ತಮಗೆ ಅನುಕೂಲವಲ್ಲದ ಸಂಗತಿಯನ್ನು, ಅದನ್ನು ಮುಚ್ಚಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ ಎಂದು ಗೊತ್ತಿದ್ದೂ, ಕಣ್ಣು ತಪ್ಪಿಸದೆ ನೋಡಿ ಬರೆದಿರಬೇಕು. ಆ ಗುರುತನ್ನು ಪತ್ತೆ ಹಚ್ಚುವ ಬಗೆಯನ್ನೂ, ಪುಸ್ತಕ ಕೈಗೆ ಬಂದ ಮೇಲೆ ಅದನ್ನು ಓದುವ ಕ್ರಮವನ್ನೂ, ಕನ್ನಡದ ಕೆಲವು ಆತ್ಮಕಥೆಗಳನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಬಾಲ್ಯದ ಪುಟಗಳನ್ನು ತೆರೆಯಿರಿ

ಪುಸ್ತಕದಂಗಡಿಯಲ್ಲಿ ನಿಂತಾಗ ಮುನ್ನುಡಿಯನ್ನಾಗಲಿ, ನಡುವೆ ಸೇರಿಸಿರುವ ಛಾಯಾಚಿತ್ರಗಳನ್ನಾಗಲಿ ನೋಡಬೇಡಿ. ಬೆನ್ನುಡಿಯನ್ನಂತೂ ನಂಬಲೇಬೇಡಿ. ನೇರವಾಗಿ ಬಾಲ್ಯದ ಅಧ್ಯಾಯಕ್ಕೆ ಹೋಗಿ ನಾಲ್ಕೈದು ಪುಟ ಓದಿ, ‘ನಾನು’ ಎನ್ನುವವನ ಹೊರತಾಗಿ ಈ ಪುಟಗಳಲ್ಲಿ ಬೇರೆ ಯಾರಿಗೆ ಜೀವವಿದೆ ಎಂದು ಕೇಳಿಕೊಳ್ಳಿ. ವಂಶ, ಗೋತ್ರ, ಪೂರ್ವಿಕರ ದಾನಧರ್ಮಗಳ ವರ್ಣನೆಯಲ್ಲೇ ಆ ಪುಟಗಳು ಮುಗಿದರೆ ಪುಸ್ತಕವನ್ನು ಮರಳಿ ಕಪಾಟಿನಲ್ಲಿಡಬಹುದು. ಅಮ್ಮ ಒಲೆಯ ಮುಂದೆ ಕುಳಿತ ಭಂಗಿ, ಸಾಲ ಕೇಳಲು ಬಂದ ನೆಂಟ, ಬೆತ್ತ ಹಿಡಿದ ಮೇಷ್ಟ್ರು, ಊರಾಚೆಯ ಬಾವಿ ಇವೆಲ್ಲ ಕಣ್ಣಿಗೆ ಕಟ್ಟುತ್ತಿದ್ದರೆ ಬರೆದವರಿಗೆ ನೋಡುವ ಕಣ್ಣಿದೆ ಎಂದರ್ಥ.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭವನ್ನು ಈ ಪರೀಕ್ಷೆಗೆ ಒಡ್ಡಿ ನೋಡಿ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಮತ್ತೊಬ್ಬ ಉಳುತ್ತಿದ್ದಾನೆ. ಎತ್ತುಗಳ ಹಾಗೆ ಮನುಷ್ಯರು ಹೋಗುತ್ತಾ ಬರುತ್ತಾ ಇರುವುದನ್ನು ಕಂಡು ಹುಡುಗನಿಗೆ ಮೊದಲು ಮೋಜೆನಿಸುತ್ತದೆ; ನೊಗ ಹೊತ್ತ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಎಂದು ತಿಳಿದ ಕ್ಷಣ ಆ ಮೋಜು ಸಂಕಟಕ್ಕೆ ತಿರುಗುತ್ತದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಈ ದೃಶ್ಯಕ್ಕೆ ವ್ಯಾಖ್ಯಾನ ಸೇರಿಸುವುದಿಲ್ಲ, ಜಾತಿ ವ್ಯವಸ್ಥೆಯ ಬಗ್ಗೆ ಭಾಷಣ ಮಾಡುವುದಿಲ್ಲ. ನನ್ನನ್ನು ಇಂದಿಗೂ ಕಲಕುವುದು ನೊಗಕ್ಕಿಂತ ಹೆಚ್ಚಾಗಿ ಆ ಮೊದಲ ಮೋಜು. ತನಗೆ ನಗು ಬಂದಿತ್ತು ಎಂಬುದನ್ನು ಬಿಟ್ಟು ನೇರವಾಗಿ ಸಂಕಟವನ್ನು ಮಾತ್ರ ಬರೆದಿದ್ದರೂ ದೃಶ್ಯ ಬಲವಾಗಿಯೇ ಇರುತ್ತಿತ್ತು. ಆದರೆ ಅದು ದೊಡ್ಡವನಾದ ಮೇಲೆ ತಿದ್ದಿದ ನೆನಪಾಗುತ್ತಿತ್ತು. ಇಲ್ಲಿರುವುದು ಮಗುವಿನ ಕಣ್ಣೇ. ಮೂರು ಭಾಗಗಳಲ್ಲಿ ಬಂದಿರುವ ಈ ಕೃತಿಯ ಮೊದಲ ಭಾಗ ಗಾತ್ರದಲ್ಲಿ ಚಿಕ್ಕದು, ನಗುವೂ ಧಾರಾಳವಾಗಿದೆ. ಹೊಸದಾಗಿ ಓದಲು ತೊಡಗುವವರ ಕೈಗೆ ನಾನು ಮೊದಲು ಕೊಡುವುದು ಇದನ್ನೇ.

ಎರಡನೆಯ ಹೆಜ್ಜೆ: ಬರೆದವರು ಏನನ್ನು ಬಿಟ್ಟುಕೊಟ್ಟಿದ್ದಾರೆ ನೋಡಿ

ಬಾಲ್ಯದ ಪುಟಗಳಲ್ಲಿ ಗೆದ್ದ ಪುಸ್ತಕ ಮುಂದೆ ಸೋಲುವುದುಂಟು. ಎಳವೆಯ ಬಡತನವನ್ನೂ ಅವಮಾನವನ್ನೂ ಪ್ರಾಮಾಣಿಕವಾಗಿ ಬರೆಯುವವರು, ತಮಗೆ ಅಧಿಕಾರ ಬಂದ ಮೇಲಿನ ವರ್ಷಗಳನ್ನು ಬರೆಯುವಾಗ ಸದಾ ಸರಿಯಾಗಿಯೇ ನಡೆದುಕೊಂಡವರಾಗಿಬಿಡುತ್ತಾರೆ. ಆದ್ದರಿಂದ ಪುಸ್ತಕದ ನಡುಭಾಗದಲ್ಲಿ ಲೇಖಕರು ತಾವು ತಪ್ಪಿದ, ಹೆದರಿದ, ಬೇರೊಬ್ಬರಿಗೆ ನೋವು ಕೊಟ್ಟ ಪ್ರಸಂಗ ಒಂದಾದರೂ ಇದೆಯೇ ಎಂದು ಹುಡುಕಿ. ಗಾಂಧೀಜಿಯವರ ಆತ್ಮಕಥೆ 1925ರಿಂದ ‘ನವಜೀವನ’ ಪತ್ರಿಕೆಯಲ್ಲಿ ವಾರವಾರ ಪ್ರಕಟವಾಗುತ್ತಿದ್ದಾಗ ಅವರು ದೇಶವೇ ಎದುರು ನೋಡುವ ನಾಯಕರಾಗಿದ್ದರು. ತಂದೆ ಕೊನೆಯುಸಿರೆಳೆದ ಹೊತ್ತಿನಲ್ಲಿ ತಾನು ಬಳಿಯಲ್ಲಿರದೆ ಹೆಂಡತಿಯ ಕೋಣೆಯಲ್ಲಿದ್ದೆ ಎಂಬುದನ್ನು ಆ ಓದುಗರ ಮುಂದೆಯೇ ಅವರು ಬರೆದರು. ಯಾರೂ ಕೇಳಿರದ ಪ್ರಶ್ನೆಗೆ ಅವರಾಗಿಯೇ ಕೊಟ್ಟ ಉತ್ತರ ಅದು.

ಕನ್ನಡದಲ್ಲಿ ಗಿರೀಶ ಕಾರ್ನಾಡರ ‘ಆಡಾಡ್ತಾ ಆಯುಷ್ಯ’ (2011) ಈ ದೃಷ್ಟಿಯಿಂದ ಗಮನಿಸಬೇಕಾದ ಪುಸ್ತಕ. 1973ರಲ್ಲಿ ಧಾರವಾಡದ ಮನೆಯಲ್ಲಿ ತಂದೆ ತಾಯಿಯೊಂದಿಗೆ ಊಟಕ್ಕೆ ಕುಳಿತಾಗ, ಮಗನ ಏಳಿಗೆಯಿಂದ ಮನೆಯವರಿಗೆಲ್ಲ ಹೆಮ್ಮೆಯಿದ್ದ ಹೊತ್ತಿನಲ್ಲಿ, ಈ ಮಗು ಬೇಡವೆಂದು ತಾವು ಯೋಚಿಸಿದ್ದೆವು ಎಂಬ ವಿಷಯ ತಾಯಿಯ ಬಾಯಿಂದ ಹೊರಬೀಳುತ್ತದೆ. ಗರ್ಭ ತೆಗೆಸಲೆಂದು ಪುಣೆಯ ವೈದ್ಯೆಯೊಬ್ಬರ ಚಿಕಿತ್ಸಾಲಯಕ್ಕೆ ಹೋಗಿ ಕಾದರಂತೆ. ಆ ದಿನ ವೈದ್ಯೆ ಬರಲಿಲ್ಲ, ಇವರು ಮನೆಗೆ ಮರಳಿದರು. ತನ್ನ ಇಡೀ ಆಯುಷ್ಯ ಒಬ್ಬ ವೈದ್ಯೆಯ ಗೈರುಹಾಜರಿಯ ಮೇಲೆ ನಿಂತಿದೆ ಎಂಬ ಬೆರಗಿನಿಂದ ಕಾರ್ನಾಡರು ಪುಸ್ತಕವನ್ನು ಆ ವೈದ್ಯೆಗೇ ಅರ್ಪಿಸಿದ್ದಾರೆ. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಒಂದು ಮಗುವಿನೊಂದಿಗೆ ಬದುಕು ಕಟ್ಟಿಕೊಳ್ಳಲು ದಾದಿಯ ಕೆಲಸ ಕಲಿತು, ಮುಂದೆ ಡಾಕ್ಟರರೊಬ್ಬರನ್ನು ಮದುವೆಯಾದ ತಾಯಿಯ ಕಥೆಯನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅದರಲ್ಲಿ ತಾಯಿಯ ಬಗ್ಗೆ ಅನುಕಂಪಕ್ಕಿಂತ ಗೌರವವೇ ಎದ್ದು ಕಾಣುತ್ತದೆ.

ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇನ್ನೊಂದು ಬಗೆಯ ಬಿಟ್ಟುಕೊಡುವಿಕೆ. ನಾಟಕ, ಸಿನಿಮಾ, ಮುದ್ರಣ, ಮಕ್ಕಳ ಶಿಕ್ಷಣ ಎಂದು ಕೈ ಹಾಕಿದ ಕೆಲಸಗಳಲ್ಲಿ ಕೈ ಸುಟ್ಟುಕೊಂಡದ್ದನ್ನೂ ಅವರು ಯಶಸ್ಸಿನಷ್ಟೇ ಆಸಕ್ತಿಯಿಂದ ಬರೆಯುತ್ತಾರೆ. ಹೊಸ ಉದ್ಯೋಗಕ್ಕೆ ಇಳಿದಿರುವ ತರುಣರಿಗೆ ಇದನ್ನು ಕೊಡಬಹುದು.

ಮೂರನೆಯ ಹೆಜ್ಜೆ: ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಪುಸ್ತಕ ಆರಿಸಿದ ಮೇಲೆ ಓದುವ ಕ್ರಮಕ್ಕೆ ಬರೋಣ. ಪುಟವನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿ ವರ್ಷ, ವಯಸ್ಸು, ಊರು, ಹಣ ಎಂದು ಬರೆದುಕೊಳ್ಳಿ. ಓದುತ್ತಾ ಹೋದಂತೆ ಸಿಕ್ಕಷ್ಟನ್ನು ತುಂಬಿ. ಸಿಗದ ಜಾಗವನ್ನು ಖಾಲಿ ಬಿಡಿ.

ಮೊದಲ ಮೂರರ ಉಪಯೋಗ ಮೇಲ್ನೋಟಕ್ಕೇ ತಿಳಿಯುತ್ತದೆ. ನಾಲ್ಕನೆಯದರ ಬಗ್ಗೆ ಹೆಚ್ಚು ಹೇಳಬೇಕು. ಶಾಲೆಯ ಫೀಜು ಕಟ್ಟಿದವರು ಯಾರು, ವಾರಾನ್ನದ (ವಾರದಲ್ಲಿ ದಿನಕ್ಕೊಂದು ಮನೆಯಂತೆ ಉಚಿತವಾಗಿ ಊಟ ಹಾಕುವ) ಮನೆಗಳು ಎಷ್ಟಿದ್ದವು, ಹಾಸ್ಟೆಲಿನಲ್ಲಿ ಸೀಟು ಸಿಕ್ಕಿದ್ದು ಯಾರ ಮಾತಿನಿಂದ, ಮೊದಲ ಸಂಬಳ ಎಷ್ಟು, ಅದರಲ್ಲಿ ಊರಿಗೆ ಹೋದದ್ದೆಷ್ಟು ಎಂಬ ವಿವರಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಓದಿದವರ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬ್ರಾಹ್ಮಣ ಹುಡುಗನೊಬ್ಬನಿಗೆ ವಾರಾನ್ನದ ಮನೆಗಳು ಸಿಕ್ಕ ಅದೇ ಪೇಟೆಯಲ್ಲಿ ದಲಿತ ಹುಡುಗನಿಗೆ ಸರ್ಕಾರಿ ಹಾಸ್ಟೆಲಿನ ಹೊರತು ದಾರಿಯಿರಲಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ (1994) ಹೆಸರೇ ಸರ್ಕಾರದ ಸವಲತ್ತು ಪಡೆದ ದಲಿತರನ್ನು ಕುಟುಕುವ ಮಾತಿನಿಂದ ಬಂದದ್ದು, ಅದನ್ನು ಅವರು ಪುಸ್ತಕದ ಹಣೆಗೆ ಹಚ್ಚಿ ಕುಟುಕಿದವರಿಗೇ ತಿರುಗಿಸಿದ್ದಾರೆ. ಬದುಕನ್ನು ಆದಿಯಿಂದ ಅಂತ್ಯದವರೆಗೆ ಹೇಳದೆ ಬಿಡಿ ಬಿಡಿ ಪ್ರಸಂಗಗಳಾಗಿ ಬರೆದಿರುವ ಈ ಪುಸ್ತಕವನ್ನೂ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ಓದಲೆಂದು ಕಾಲ್ನಡಿಗೆಯಲ್ಲಿ ಬಂದ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ಯನ್ನೂ ಒಂದೇ ತಿಂಗಳಲ್ಲಿ ಓದಿ, ಎರಡರ ನೋಟ್‌ಬುಕ್ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ‘ಕಷ್ಟಪಟ್ಟು ಓದಿದೆ’ ಎಂಬ ಒಂದೇ ಮಾತಿನ ಒಳಗೆ ಎಷ್ಟು ಬೇರೆ ಬೇರೆ ಕಷ್ಟಗಳಿವೆ ಎಂಬುದು ಆಗ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಎರಡನೆಯ ಸಾಕ್ಷಿಯನ್ನು ಕರೆಯಿರಿ

ನೋಟ್‌ಬುಕ್‌ನಲ್ಲಿ ಖಾಲಿ ಉಳಿದ ಜಾಗಗಳನ್ನು ಈಗ ನೋಡಿ. ಐದಾರು ವರ್ಷ ಒಂದೇ ವಾಕ್ಯದಲ್ಲಿ ದಾಟಿಹೋಗಿದೆಯೇ? ಒಡನಾಡಿಯೊಬ್ಬರ ಹೆಸರು ಇದ್ದಕ್ಕಿದ್ದಂತೆ ಮಾಯವಾಗಿದೆಯೇ? ಹೆಂಡತಿ ಮದುವೆಯ ದಿನ ಒಮ್ಮೆ, ಕೊನೆಯ ಕೃತಜ್ಞತೆಯಲ್ಲಿ ಇನ್ನೊಮ್ಮೆ ಮಾತ್ರ ಕಾಣಿಸುತ್ತಾಳೆಯೇ? ಗಂಡಸರು ಬರೆದ ಆತ್ಮಕಥೆಗಳಲ್ಲಿ ಈ ಕೊನೆಯ ಮೌನ ಎಷ್ಟು ಸಾಮಾನ್ಯವೆಂದರೆ, ಓದುತ್ತಾ ಓದುತ್ತಾ ನಮಗೂ ಅದು ಸಹಜವೆನಿಸಿಬಿಡುತ್ತದೆ. ಅದಕ್ಕೆ ಮದ್ದು ಅದೇ ಮನೆಯ ಇನ್ನೊಬ್ಬರ ಪುಸ್ತಕ. ಕನ್ನಡದ ಓದುಗರ ಭಾಗ್ಯವೆಂದರೆ ಅಂಥ ಜೋಡಿಗಳು ನಮ್ಮಲ್ಲಿ ಕೆಲವಾದರೂ ಇವೆ.

ಪಿ. ಲಂಕೇಶರ ‘ಹುಳಿಮಾವಿನ ಮರ’ 1997ರಲ್ಲಿ ಬಂತು. ಮಾತಿನಲ್ಲಿ ಖಾರವೂ ಕಾವ್ಯವೂ ಬೆರೆತ, ಬೇರೆಯವರನ್ನೂ ತನ್ನನ್ನೂ ಬಿಡದೆ ಕೆದಕುವ ಬರವಣಿಗೆ ಅದು. ಅದಾದ ಎಷ್ಟೋ ವರ್ಷಗಳ ಮೇಲೆ ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಬಂತು. ಶೀರ್ಷಿಕೆಯಲ್ಲಿರುವ ‘ಮತ್ತು ನಾನು’ ಎಂಬ ಎರಡು ಪದಗಳಲ್ಲೇ ಆ ಪುಸ್ತಕದ ನಿಲುವಿದೆ: ಆ ಮರದ ಪಕ್ಕದಲ್ಲಿ ತಾನೂ ಒಬ್ಬಳಿದ್ದೆ. ಸಂಸಾರ ನಡೆಸಿದವಳು, ಮಕ್ಕಳನ್ನು ಬೆಳೆಸಿದವಳು, ಗಂಡನ ಪ್ರತಿಭೆಯ ಬೆಲೆ ಏನೆಂದು ಬಲ್ಲವಳು ಅದೇ ವರ್ಷಗಳನ್ನು ಹೇಳುವಾಗ ಅವುಗಳ ತೂಕವೇ ಬೇರೆಯಾಗುತ್ತದೆ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ನಾವು ಕುಳಿತಿಲ್ಲ. ಒಂದು ಮನೆಯೊಳಗಿನ ಎರಡು ಬದುಕುಗಳನ್ನು ಕಾಣಲು ಕುಳಿತಿದ್ದೇವೆ. ಮೊದಲು ‘ಹುಳಿಮಾವಿನ ಮರ’, ಆಮೇಲೆ ಇನ್ನೊಂದು ಎಂಬ ಕ್ರಮದಲ್ಲೇ ಓದಿ. ಎರಡನೆಯ ಪುಸ್ತಕ ಮೊದಲನೆಯದಕ್ಕೆ ಮಾತು ಸೇರಿಸುವ ಪುಸ್ತಕ.

ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980) ಗಾತ್ರದಲ್ಲಿಯೇ ಓದುಗರನ್ನು ಹೆದರಿಸಬಲ್ಲ ಪುಸ್ತಕ. ಅದಕ್ಕೆ ಒಂದು ಉಪಾಯವಿದೆ. ಮೊದಲು ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಓದಿಕೊಳ್ಳಿ. ಅಣ್ಣ ಎಂದರೆ ಇಲ್ಲಿ ತಂದೆ. ಮಲೆನಾಡಿನ ಅನೇಕ ಮನೆಗಳಲ್ಲಿ ಮಕ್ಕಳು ಅಪ್ಪನನ್ನು ಕರೆಯುತ್ತಿದ್ದುದು ಹಾಗೆಯೇ. ಮಗನ ಕಣ್ಣಿನಲ್ಲಿ ಮಹಾಕವಿ ಮನೆಯ ಮನುಷ್ಯನಾಗಿ, ಹುಡುಗರ ಕಿತಾಪತಿಗಳನ್ನು ಸಹಿಸಿಕೊಂಡ ಅಪ್ಪನಾಗಿ ಕಾಣಿಸಿದ ಮೇಲೆ, ಮಹಾಕವಿಯೇ ತನ್ನ ಬಾಲ್ಯವನ್ನು ಹೇಳುವ ಪುಸ್ತಕಕ್ಕೆ ಹೋಗಲು ಅಂಜಿಕೆಯಿರುವುದಿಲ್ಲ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾರ್ಥಿ ಪುಟ್ಟಪ್ಪನಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ಹೇಳಿದ ಪ್ರಸಂಗವನ್ನು ನಾವೆಲ್ಲ ಶಾಲೆಯ ಪಾಠದಲ್ಲಿ ಕೇಳಿದ್ದೇವೆ. ಅದನ್ನು ಕವಿಯ ಮಾತಿನಲ್ಲೇ, ಆ ವಯಸ್ಸಿನ ಬಿಂಕದೊಂದಿಗೆ ಓದುವುದು ಬೇರೆ ಅನುಭವ. ಇವೆರಡರ ಜೊತೆಗೆ ಮಗಳು ತಾರಿಣಿ ಚಿದಾನಂದರ ‘ಮಗಳು ಕಂಡ ಕುವೆಂಪು’ ಇದೆ; ತೇಜಸ್ವಿಯವರ ಬಗ್ಗೆ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ ಇದೆ. ಒಂದೇ ಕುಟುಂಬದ ಎರಡು ತಲೆಮಾರನ್ನು ನಾಲ್ಕು ಕಡೆಯಿಂದ ನೋಡುವ ಅವಕಾಶ ಸುಲಭವಾಗಿ ಸಿಗುವಂಥದ್ದಲ್ಲ.

ಜೋಡಿಯಿಲ್ಲದೆ ಒಂಟಿಯಾಗಿ ನಿಲ್ಲುವ ಹೆಣ್ಣಿನ ದನಿಯೂ ಇದೆ. ಪತ್ರಕರ್ತೆ ವಿಜಯಮ್ಮನವರ ‘ಕುದಿ ಎಸರು’ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ದಾಂಪತ್ಯದೊಳಗಿನ ಹಿಂಸೆಯನ್ನು ಅವರು ಹೇಳುವ ನೇರವಂತಿಕೆ ಒಂದೇ ಕೂರಿನಲ್ಲಿ ಓದಿ ಮುಗಿಸಲು ಬಿಡುವುದಿಲ್ಲ. ದಿನಕ್ಕೆ ಒಂದೆರಡು ಅಧ್ಯಾಯ ಓದಿ ಸಾಕು ಮಾಡಿ.

ಐದನೆಯ ಹೆಜ್ಜೆ: ಕಾದಂಬರಿಯನ್ನು ಪಕ್ಕದಲ್ಲಿಟ್ಟು ಓದಿ

ಲೇಖಕರು ಒಂದೇ ಅನುಭವವನ್ನು ಕಾದಂಬರಿಯಲ್ಲೂ ಆತ್ಮಕಥೆಯಲ್ಲೂ ಬರೆದಿದ್ದರೆ ಅದಕ್ಕಿಂತ ಒಳ್ಳೆಯ ಪಾಠ ಓದುಗನಿಗೆ ಬೇರಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿಯೂ ‘ಭಿತ್ತಿ’ 1996ರಲ್ಲಿಯೂ ಬಂದವು. ಕಾದಂಬರಿಯ ನಂಜಮ್ಮ, ಕೈಲಾಗದ ಶಾನುಭೋಗ ಗಂಡನ ಲೆಕ್ಕದ ಪುಸ್ತಕಗಳನ್ನು ತಾನೇ ಬರೆದು ಸಂಸಾರ ತೂಗಿಸುತ್ತಾಳೆ. ಪ್ಲೇಗು ಆಕೆಯ ಬೆಳೆದ ಮಕ್ಕಳನ್ನು ಒಯ್ಯುತ್ತದೆ, ಕಡೆಗೆ ಆಕೆಯನ್ನೂ. ‘ಭಿತ್ತಿ’ಯಲ್ಲಿ ಅದು ಸಂತೇಶಿವರದ ಹುಡುಗನ ಸ್ವಂತ ಮನೆ. ಅಕ್ಕ ಮತ್ತು ಅಣ್ಣ ಗಂಟೆಗಳ ಅಂತರದಲ್ಲಿ ಪ್ಲೇಗಿಗೆ ಬಲಿಯಾದರು, ಮುಂದೆ ತಾಯಿಯೂ ಹೋದರು; ತಮ್ಮ ಸತ್ತಾಗ ಹದಿಹರೆಯದ ಹುಡುಗ ಆ ಹೆಣವನ್ನು ತಾನೇ ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ಒಯ್ದ.

ನಾನು ಈ ಎರಡನ್ನೂ ಓದಿದ್ದು ತಿರುಗುಮುರುಗಾಗಿ. ‘ಭಿತ್ತಿ’ ಮೊದಲು, ತಾಲ್ಲೂಕು ಗ್ರಂಥಾಲಯದ ಪ್ರತಿಯಲ್ಲಿ. ಹೆಣ ಹೊತ್ತ ಪ್ರಸಂಗ ಬರುವ ಪುಟದ ಅಂಚಿನಲ್ಲಿ ನನಗಿಂತ ಮೊದಲು ಓದಿದವರಾರೋ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದರು. ಆ ಗೆರೆ ಪುಟದ ಅರ್ಧಕ್ಕೆ ಬಂದು ನಿಂತಿತ್ತು, ಮುಂದೆ ಎಳೆಯಲು ಕೈ ಬಾರದ ಹಾಗೆ. ಆಮೇಲೆ ‘ಗೃಹಭಂಗ’ ಓದಿದಾಗ ನನಗೆ ಹೊಳೆದದ್ದಿಷ್ಟು. ಕಾದಂಬರಿಯಲ್ಲಿ ದುಃಖಕ್ಕೆ ಆಕಾರವಿದೆ, ಅದು ನಂಜಮ್ಮನ ಸುತ್ತ ಕೂಡಿಕೊಳ್ಳುತ್ತದೆ, ಒಂದು ಕೊನೆಗೆ ಬಂದು ಮುಟ್ಟುತ್ತದೆ. ಆತ್ಮಕಥೆಯಲ್ಲಿ ಹುಡುಗನಿಗೆ ಆ ಸೌಕರ್ಯವಿಲ್ಲ: ಹೆಣ ಸುಟ್ಟು ಬಂದವನಿಗೆ ಸಂಜೆ ಹಸಿವಾಗುತ್ತದೆ, ಮರುದಿನ ಶಾಲೆಯ ಚಿಂತೆ ಇರುತ್ತದೆ. ಕಾದಂಬರಿ ಮುಗಿಸುವ ಕಡೆ ಬದುಕು ಮುಂದುವರಿಯುತ್ತದೆ ಎಂಬುದನ್ನು ಈ ಜೋಡಿ ತೋರಿಸಿದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ನನಗೆ ತೋರಿಸಲಿಲ್ಲ. ಗೋಡೆಗೂ, ಚಿತ್ರ ಬರೆಯುವ ಹಿನ್ನೆಲೆಗೂ ಭಿತ್ತಿ ಎನ್ನುತ್ತಾರೆ. ಕಾದಂಬರಿಗಳೆಂಬ ಚಿತ್ರಗಳು ಮೂಡಿದ ಗೋಡೆಯನ್ನು ತೋರಿಸುವ ಪುಸ್ತಕಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಕ್ಕುತ್ತಿರಲಿಲ್ಲ.

ಆರನೆಯ ಹೆಜ್ಜೆ: ಹೇಳಿ ಬರೆಸಿದ ಕಥೆಗಳನ್ನು ಬಿಡಬೇಡಿ

‘ನಿರೂಪಣೆ’ ಎಂದು ಮುಖಪುಟದಲ್ಲಿ ಇನ್ನೊಬ್ಬರ ಹೆಸರಿದ್ದರೆ ಕೆಲವರು ಅಂಥ ಪುಸ್ತಕವನ್ನು ಎರಡನೆಯ ದರ್ಜೆಯದೆಂದು ಭಾವಿಸುತ್ತಾರೆ. ಅದು ತಪ್ಪು. ಬದುಕಿದವರೆಲ್ಲ ಬರೆಯುವವರಲ್ಲ, ರಂಗದ ಮೇಲೆ, ಹಾಡಿನಲ್ಲಿ, ಕುಣಿತದಲ್ಲಿ ಆಯುಷ್ಯ ಕಳೆದವರ ಮಾತನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಿ ಬರೆದುಕೊಳ್ಳದಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ. ರಂಗನಿರ್ದೇಶಕ ಬಿ.ವಿ. ಕಾರಂತರು ಲೇಖಕಿ ವೈದೇಹಿಯವರಿಗೆ ಹೇಳಿದ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ಯಲ್ಲಿ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ ಹುಡುಗನ ಚಡಪಡಿಕೆ ವಾಕ್ಯಗಳ ಓಟದಲ್ಲೇ ಇದೆ. ಗಾಯಕಿ ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಎನ್ಕೆ (ಎನ್.ಕೆ. ಕುಲಕರ್ಣಿ) ಅವರ ಲೇಖನಿಯಿಂದ ಬಂದದ್ದು, ಯು.ಆರ್. ಅನಂತಮೂರ್ತಿಯವರಂಥ ಬರಹಗಾರರೂ ತಮ್ಮ ‘ಸುರಗಿ’ಗೆ (2012) ಜ.ನಾ. ತೇಜಶ್ರೀಯವರ ನಿರೂಪಣೆಯನ್ನು ಆಶ್ರಯಿಸಿದರು. ಜೋಗತಿ ಕಲಾವಿದೆ ಮಂಜಮ್ಮನವರ ‘ನಡುವೆ ಸುಳಿವ ಹೆಣ್ಣು’ ಕೃತಿಯನ್ನು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದಾರೆ; ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ದೂರದಿಂದ ಕಂಡವರು ಮೊದಲು ಅದನ್ನೂ, ಆಮೇಲೆ ದು. ಸರಸ್ವತಿಯವರು ಕನ್ನಡಕ್ಕೆ ತಂದ ಎ. ರೇವತಿಯವರ ‘ಬದುಕು ಬಯಲು’ ಕೃತಿಯನ್ನೂ ಓದಬೇಕೆಂದು ಒತ್ತಿ ಹೇಳುತ್ತೇನೆ. ಇಂಥ ಪುಸ್ತಕಗಳನ್ನು ಓದುವಾಗ ಒಂದು ಕೆಲಸ ಮಾಡಿ: ಒಂದೆರಡು ಪುಟವನ್ನು ಗಟ್ಟಿಯಾಗಿ ಓದಿ. ಹೇಳಿದವರ ದನಿ ಉಳಿದಿದ್ದರೆ ನಾಲಿಗೆಗೆ ತಿಳಿಯುತ್ತದೆ. ಹಳ್ಳಿಯ ಬದುಕನ್ನು ಹೇಳುವವರು ನಿಘಂಟಿನ ಮಾತಿನಲ್ಲೇ ಮಾತಾಡುತ್ತಿದ್ದರೆ ನಿರೂಪಕರು ಅವರ ಬಾಯಿಯ ಮೇಲೆ ತಮ್ಮ ಕೈಯಿಟ್ಟಿದ್ದಾರೆ ಎಂದೇ ಲೆಕ್ಕ.

ಏಳನೆಯ ಹೆಜ್ಜೆ: ಬಿಡುವುದನ್ನೂ ಕಲಿಯಿರಿ

ನೆನಪು ದಾಖಲೆಯಲ್ಲ. ಆತ್ಮಕಥೆಯಲ್ಲಿ ಕಂಡ ಇಸವಿಯನ್ನೋ, ಮೂರನೆಯವರ ಮೇಲಿನ ಆರೋಪವನ್ನೋ ಬೇರೆ ಆಧಾರವಿಲ್ಲದೆ ಎಲ್ಲಿಯೂ ಎತ್ತಿ ಹೇಳಬೇಡಿ. ಪ್ರಶಸ್ತಿ ಸಮಾರಂಭಗಳ ಪುಟಗಳನ್ನು ಹಾರಿಸಿ ಓದಿದರೆ ನಷ್ಟವಿಲ್ಲ. ನೂರು ಪುಟ ದಾಟಿದರೂ ‘ನಾನು’ ಒಮ್ಮೆಯೂ ಎಡವದಿದ್ದರೆ ಪುಸ್ತಕವನ್ನು ನಿಶ್ಚಿಂತೆಯಿಂದ ಮುಚ್ಚಿಡಬಹುದು. ‘ನಾನು’ ಎಂಬುದು ಬಹಳವಾಯಿತು ಎನಿಸಿದ ದಿನ ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ಯಾವುದಾದರೊಂದನ್ನು ತೆಗೆದುಕೊಳ್ಳಿ. ತಮ್ಮ ಕಾಲದ ಸಂಗೀತಗಾರರು, ವಿದ್ವಾಂಸರು, ದಿವಾನರು, ಊರಿನ ಸಾಮಾನ್ಯರು ಎಲ್ಲರನ್ನೂ ಚಿತ್ರಿಸುತ್ತಾ, ತಮ್ಮ ಬಗ್ಗೆ ಹೆಚ್ಚೇನೂ ಹೇಳದೆ, ಇತರರನ್ನು ಕಂಡ ಬಗೆಯಲ್ಲೇ ತಾವು ಎಂಥವರೆಂದು ಅವರು ತೋರಿಸಿಕೊಟ್ಟಿದ್ದಾರೆ.

ಇನ್ನು ಪುಸ್ತಕ ಸಿಗುವ ಮಾತು. ಇಲ್ಲಿ ಹೆಸರಿಸಿದ ಕೃತಿಗಳೆಲ್ಲ ಎಲ್ಲ ಕಾಲದಲ್ಲೂ ಅಂಗಡಿಯಲ್ಲಿರುವುದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹುಡುಕುವಾಗ ಜೀವನಚರಿತ್ರೆಯ ಕಪಾಟನ್ನು ಮಾತ್ರ ನೋಡಿ ಮರಳಬೇಡಿ. ಸಾಹಿತಿಗಳ ಆತ್ಮಕಥೆಗಳನ್ನು ಎಷ್ಟೋ ಕಡೆ ಸಾಹಿತ್ಯದ ಕಪಾಟಿನಲ್ಲಿ, ಅದೇ ಲೇಖಕರ ಕಾದಂಬರಿಗಳ ನಡುವೆ ಇಟ್ಟಿರುತ್ತಾರೆ. ಜೋಡಿಯಾಗಿ ಓದಬೇಕಾದವನ್ನು ಒಂದೇ ಸಲ ಎರವಲು ಪಡೆಯಿರಿ, ಇಲ್ಲವಾದರೆ ಎರಡನೆಯದು ಕೈಸೇರುವ ಹೊತ್ತಿಗೆ ಮೊದಲನೆಯದರ ವಿವರ ಮಾಸಿರುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವರ ಬಳಿ ಹೋಗುವುದಾದರೆ ಶೀರ್ಷಿಕೆಯ ಜೊತೆಗೆ ಲೇಖಕರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊದಲ ಖರೀದಿಗೆ ‘ಊರುಕೇರಿ’ಯ ಮೊದಲ ಭಾಗವೂ, ಬರೆದಿಟ್ಟುಕೊಳ್ಳಲು ನೂರು ಪುಟದ ಒಂದು ನೋಟ್‌ಬುಕ್ಕೂ ಸಾಕು.